ನಾನು ‘ಯಾವು’ ಎನ್ನಲಿಲ್ಲ

ಇದನ್ನು ಬರೆಯಲು ಕುಳಿತಾಗಲೆಲ್ಲ ಹಾರ್ಮೋನಿಯಂನ ಧೂಳು ಒರೆಸುವ ನೆಪದಲ್ಲಿ ಎದ್ದು ಹೋಗಿದ್ದೇನೆ. ಇವತ್ತು ಮೊದಲೇ ಒರೆಸಿಟ್ಟಿದ್ದೇನೆ.

ಕಾಪುವಿನ ಬಟ್ಟೆ ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ಮಣಿಪಾಲದಲ್ಲಿ ಒಂದು ಸಂಗೀತ ತರಗತಿಗೆ ಸೇರಿದೆ. ಸ್ವಂತವಾಗಿ ಸಂಯೋಜನೆ ಮಾಡಲು ಕಲಿಸುವ ತರಗತಿ. ಹತ್ತನೇ ತರಗತಿಗೆ ಓದು ಬಿಟ್ಟವನು ಕಾಲೇಜು ಮಕ್ಕಳ ನಡುವೆ ಕುಳಿತೆ. ಇಬ್ಬಿಬ್ಬರು ತಮ್ಮ ತುಣುಕುಗಳನ್ನು ಒಂದೇ ಕೃತಿಯಾಗಿ ಜೋಡಿಸಬೇಕೆಂದು ಗುರುಗಳು ಹೇಳಿದರು. ನನ್ನ ಪಾಲಿಗೆ ಬಂದವಳು ಪಿಟೀಲು ನುಡಿಸುವ ಧಾರವಾಡದ ಹುಡುಗಿ. ನನ್ನದು ಹಾರ್ಮೋನಿಯಂನಲ್ಲಿ ಕಾಪುವಿನ ಕಡಲು. ಅವಳದು ಅವಳ ಅಮ್ಮ ಜೋಳದ ರೊಟ್ಟಿ ಬಡಿಯುವ ಲಯ.

ಬರೆದೆವು, ಹೊಡೆದುಹಾಕಿದೆವು. ನನ್ನ ಅಲೆ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಒಂದು ದಿನ ಬೇಸತ್ತು, ತುಳುವಿನಲ್ಲಿ “ಯಾವು” ಎಂದೆ.

“ಯಾವುದ್ರೀ ಅಜ್ಜಾರ?”

“ಯಾವುದೂ ಅಲ್ಲ ಮಾರಾಯ್ತಿ, ಸಾಕು ಅಂತ!”

“ನಿಮ್ಮೂರಾಗ ಸಾಕು ಅನ್ನಾಕೂ ಪ್ರಶ್ನೆ ಕೇಳ್ತಾರೇನ್ರಿ?”

ನಕ್ಕು, ಅದನ್ನೇ ಎರಡು ತುಣುಕುಗಳ ನಡುವಿನ ಕೊಂಡಿ ಮಾಡಿಕೊಂಡೆವು. ನಾನು ಷಡ್ಜದಲ್ಲಿ ನಿಂತು ಮೆಲ್ಲಗೆ “ಯಾವು” ಎನ್ನಬೇಕು. ಆ ಸ್ವರ ಆರುವ ಮೊದಲೇ ಅವಳ ಬೆರಳು ತಂತಿಯ ಮೇಲೆ ರೊಟ್ಟಿ ಬಡಿಯಬೇಕು. “ಈಗ ಒಂದಾಯಿತು,” ಎಂದರು ಗುರುಗಳು.

ಕಾರ್ಕಳದ ಒಂದು ಸಭಾಂಗಣದಲ್ಲಿ ಪ್ರದರ್ಶನ. ಮಗಳ ಸಂಗೀತ ಕೇಳಲೆಂದೇ ಅವಳ ಅಮ್ಮ ಧಾರವಾಡದಿಂದ ಬಸ್ಸು ಹಿಡಿದು ಬಂದಿದ್ದರು. ಮುಂದಿನ ಸಾಲಿನಲ್ಲಿ ಉಡುಪಿಯ ನನ್ನ ಬೀಗರು. ನಾನು ನುಡಿಸುತ್ತಿರುವಾಗಲೇ ಅವರು ಚಪ್ಪಾಳೆ ತಟ್ಟಿದರು. ಆ ಸದ್ದು ನನಗೆ ಇನ್ನೂ ಬೇಕೆನಿಸಿತು. ಷಡ್ಜಕ್ಕೆ ಇಳಿಯದೆ ಮತ್ತೆ ಮೊದಲಿಗೆ ಹೋದೆ. ಹುಡುಗಿ ತಂತಿಯ ಮೇಲೆ ಬೆರಳಿಟ್ಟು ನನ್ನ ತುಟಿಯನ್ನೇ ನೋಡುತ್ತಿದ್ದಳು. ಅದು ನನಗೆ ಕಂಡಿತ್ತು. ಆದರೂ ನುಡಿಸುತ್ತಲೇ ಹೋದೆ. ನಮ್ಮ ಸಮಯ ಮುಗಿದು ಗಂಟೆ ಹೊಡೆಯಿತು.

“ನೀವು ಯಾವು ಅನ್ನಲೇ ಇಲ್ಲರೀ,” ಎಂದಳು, ಪರದೆಯ ಹಿಂದೆ.

“ಮರೆತೇ ಹೋಯಿತು ಮಗಾ,” ಎಂದೆ.

ಮುಂದಿನ ತರಗತಿಯಲ್ಲಿ ನಿಜ ಹೇಳಿ ಅವಳ ಕ್ಷಮೆ ಕೇಳಿದೆ. “ಇರ್ಲಿ ಬಿಡ್ರಿ,” ಎಂದು ಪಿಟೀಲಿನ ಶ್ರುತಿ ಸರಿಮಾಡತೊಡಗಿದಳು. ಮತ್ತೆ ಅಜ್ಜಾರ ಎನ್ನಲಿಲ್ಲ.

ಅವಳಿಗೂ ಹೇಳದ್ದು ಒಂದುಂಟು. ಆ ದಿನ ಅವಳು ಒಳಗೆ ಪಿಟೀಲನ್ನು ಪೆಟ್ಟಿಗೆಯಲ್ಲಿ ಇಡುತ್ತಿದ್ದಾಗ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬರು ಬಾಗಿಲಲ್ಲಿ ನನಗೆ ಕೈಮುಗಿದರು.

“ಭಾಳ ಚಲೋ ಬಾರಿಸಿದ್ರಿ. ನಮ್ಮ ಹುಡುಗೀದು ಯಾವಾಗ ಬಂತು, ನನಗ ತಿಳೀಲೇ ಇಲ್ಲ ನೋಡ್ರಿ.”

“ನಡುವೆ ಬಂತಲ್ಲ,” ಎಂದೆ.

“ಹೌದೇನ್ರಿ? ನನ್ನ ಕಿವೀನೇ ಸರಿ ಇಲ್ಲ,” ಎಂದು ನಾಚಿಕೊಂಡರು.

ನಾನು ಇಂದಿಗೂ ಕ್ಷಮೆ ಕೇಳದಿರುವುದು ಅವರನ್ನು, ಆ ಹುಡುಗಿಯ ಅಮ್ಮನನ್ನು.