ಹಾಲು ಕುಡಿದ ಓಪಲ್

"ಅತ್ತಿಗೆ, ಆಪಲ್ ಹಾಳಾಗೋಯ್ತು."

ಶುಕ್ರವಾರ ಬೆಳಗ್ಗೆ. ನನ್ನ ಒಂದು ಕೈಯಲ್ಲಿ ದೋಸೆ ಮಗುಚುವ ಸಟ್ಟುಗ, ಇನ್ನೊಂದರಲ್ಲಿ ಫೋನು. ಆ ಕಡೆ ಗುಬ್ಬಿಯಿಂದ ನನ್ನ ನಾದಿನಿ ಶಾರದ. ಹಾಳಾಗಿದ್ದರೆ ಹಸುವಿಗೆ ಹಾಕು, ಇದಕ್ಕೆಲ್ಲ ಬೆಳಗ್ಗೆ ಬೆಳಗ್ಗೆ ಫೋನ್ ಮಾಡುತ್ತಾರಾ ಅಂದೆ. ಆ ಕಡೆಯಿಂದ ಅಳು.

ವಿಷಯ ಅರ್ಥವಾಗುವಷ್ಟರಲ್ಲಿ ದೋಸೆ ಸೀದಿತ್ತು. ಅವಳು ಹೇಳಿದ್ದು ಹಣ್ಣಿನ ಆಪಲ್ ಅಲ್ಲ, ಉಂಗುರದ ಓಪಲ್. (ನಮ್ಮ ಕಡೆ ಸುಮಾರು ಜನರ ಬಾಯಲ್ಲಿ ಅದು ಆಪಲ್ಲೇ. ಅಂಗಡಿಯವರೂ ತಿದ್ದುವುದಿಲ್ಲ, ವ್ಯಾಪಾರ ಆದರೆ ಸಾಕಲ್ಲ.)

ನಾನು ಭೂವಿಜ್ಞಾನದ ಮೇಡಂ ಅಂತ ನಿಮಗೆ ಗೊತ್ತೇ ಇದೆ. ಇಷ್ಟು ವರ್ಷ ತುಮಕೂರಿನಲ್ಲಿ ಕಲ್ಲಿನ ಪಾಠ ಮಾಡಿದ್ದಕ್ಕೆ ನೆಂಟರಿಷ್ಟರು ನನ್ನನ್ನು ಕೇಳಿರುವುದು ಎರಡೇ ಪ್ರಶ್ನೆ. ಬೋರ್ ಪಾಯಿಂಟ್ ಎಲ್ಲಿ ಹಾಕಿಸೋಣ? ಯಾವ ಕಲ್ಲು ಹಾಕಿಕೊಂಡರೆ ಒಳ್ಳೆಯದಾಗುತ್ತದೆ? ಮೊದಲನೆಯದಕ್ಕೆ ನನ್ನ ಉತ್ತರ ಕೇಳಿಸಿಕೊಂಡು, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರನ್ನು ಕರೆಸುತ್ತಾರೆ. ಎರಡನೆಯದಕ್ಕೆ ಉತ್ತರ ಹೇಳುವುದನ್ನೇ ನಾನು ಬಿಟ್ಟಿದ್ದೇನೆ. ಸುಸ್ತಾಗಿದೆ.

ಉಂಗುರ ಶಾರದನ ಮಗಳು ಸಿಂಧುವಿನದು. ಸಿಂಧುವಿಗೆ ಮೂವತ್ತೊಂದು. ಕುಣಿಗಲ್ ಹತ್ತಿರ ಹೈಸ್ಕೂಲ್ ಟೀಚರ್. ವಾರವಿಡೀ ತುಮಕೂರಿನ ಬಟವಾಡಿಯ ನಮ್ಮ ಮನೆಯಲ್ಲಿದ್ದುಕೊಂಡು ಬೆಳಗ್ಗೆ ಬಸ್ ಹಿಡಿಯುತ್ತಾಳೆ, ರಜೆಗೆ ಗುಬ್ಬಿಗೆ ಹೋಗುತ್ತಾಳೆ. ಈಗ ಹುಲಿಯೂರುದುರ್ಗದ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗ ದನದ ಡಾಕ್ಟರು. ಆ ಭಾನುವಾರವೇ ನೋಡಲು ಬರುವವರಿದ್ದರು, ಬಂದ ದಿನವೇ ಮಾತು ಮುಗಿಯಬೇಕು ಅಂದಿದ್ದರು.

ಸಿಂಧು ಬೇಡ ಅನ್ನಲಿಲ್ಲ. ಹುಡುಗನ ಹತ್ತಿರ ಎರಡು ಮೂರು ಸಲ ಕೂತು ಮಾತಾಡಿ ಆಮೇಲೆ ಹೇಳುತ್ತೇನೆ ಅಂದಳು, ಅಷ್ಟೆ. ಮೂವತ್ತೊಂದಾಯ್ತು, ಇನ್ನೂ ಎಷ್ಟು ಟೈಮ್ ಬೇಕಂತೆ ಅಂತ ಶಾರದ ನನ್ನನ್ನೇ ಕೇಳಿದ್ದಳು, ಅವಳ ವಯಸ್ಸಿಗೆ ನಾನೇ ಜವಾಬ್ದಾರಿ ಅನ್ನುವ ಹಾಗೆ. ಆಮೇಲೆ ಯಾರೋ ಜ್ಯೋತಿಷಿಗಳು ಹುಡುಗಿಗೆ ಶುಕ್ರ ಬಲ ಕಮ್ಮಿ ಅಂದರು. ವಜ್ರ ಕೈಗೆಟುಕುವುದಿಲ್ಲ, ಓಪಲ್ ಹಾಕಿಸಿ ಅಂದರು. ಹಾಕಿಸುವ ಮುಂಚೆ ಶುದ್ಧಿ ಆಗಬೇಕು. ಗುರುವಾರ ಸಂಜೆ ಹಸಿ ಹಾಲಿಗೆ ಚಿಟಿಕೆ ಅರಿಶಿನ ಹಾಕಿ ಉಂಗುರ ಮುಳುಗಿಸಿಟ್ಟಿದ್ದರು. ಶುಕ್ರವಾರ ಬೆಳಗ್ಗೆ ತೆಗೆದು ನೋಡಿದರೆ ಕಲ್ಲಿನ ಬಣ್ಣವೇ ಇಲ್ಲ.

ಕಾಲೇಜಿಗೆ ರಜೆ ಹೇಳಿ ಗುಬ್ಬಿ ಬಸ್ ಹತ್ತಿದೆ. ಬೇರೆ ದಾರಿ ಇತ್ತಾ?

ದೇವರ ಮನೆಯ ಬೆಳ್ಳಿ ಬಟ್ಟಲಲ್ಲಿ ಉಂಗುರ ಇತ್ತು. ಹಿಂದಿನ ದಿನ ಹಸಿರು, ಕೆಂಪು, ನೀಲಿ ಎಲ್ಲ ಒಳಗೆ ಓಡಾಡುತ್ತಿದ್ದವಂತೆ. ಈಗ ಹಳದಿ ಬಡಿದ ಗಾಜಿನ ಚೂರಿನ ಹಾಗಿತ್ತು. ಶಾರದನ ಗಂಡ ಶಿವಣ್ಣನ ಪ್ರಕಾರ ಅಂಗಡಿಯವನು ಟೋಪಿ ಹಾಕಿದ್ದ. ಶಾರದನ ಪ್ರಕಾರ ಶುಕ್ರನೇ ಎದ್ದು ಹೋಗಿದ್ದ. ಉಂಗುರ ಹಾಕಿಸಿಕೊಳ್ಳಲು ಸ್ಕೂಲಿಗೆ ರಜೆ ಹಾಕಿ ಬಂದಿದ್ದ ಸಿಂಧು ನನಗೆ ಕಾಫಿ ತಂದುಕೊಟ್ಟಳು.

ಕಲ್ಲು ಎಲ್ಲಿಯದು ಅಂತ ಅಂಗಡಿಯವರು ಹೇಳಿದ್ದರಾ ಅಂತ ಕೇಳಿದೆ. ಇಥಿಯೋಪಿಯಾ ಅಂದರು. ನನಗೆ ಅರ್ಥವಾಯಿತು. ಈ ಮನೆಯಲ್ಲಿ ನನ್ನ ಮಾತು ಕೇಳುವವರು ಸಿಗುವುದೇ ಅಪರೂಪ, ಹಾಗಾಗಿ ಪಾಠ ಮಾಡಿಯೇಬಿಟ್ಟೆ. ನೀವೂ ಕೇಳಿ.

ನಮ್ಮ ರಾಗಿ ಹೊಲದಲ್ಲಿ ಕಾಲಿಗೆ ಚುಚ್ಚುವ ಬೆಣಚುಕಲ್ಲು ಇದೆಯಲ್ಲ, ಓಪಲ್ ಕೂಡ ಅದೇ ಸಾಮಾನು. ಸಿಲಿಕಾ. ಆದರೆ ಓಪಲ್ ಒಳಗೆ ನೀರಿದೆ. ಭೂಮಿಗೆ ಇಳಿದ ನೀರು ಕಲ್ಲಿನಿಂದ ಸಿಲಿಕಾವನ್ನು ಚೂರು ಚೂರೇ ಕರಗಿಸಿಕೊಂಡು ಹೋಗಿ ಬಿರುಕುಗಳಲ್ಲಿ ನಿಲ್ಲುತ್ತದೆ. ನೀರು ನಿಧಾನವಾಗಿ ಆರುತ್ತಾ ಹೋದ ಹಾಗೆ ಸಿಲಿಕಾ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳಾಗಿ ತಳಕ್ಕೆ ಕೂರುತ್ತದೆ. ಗುಂಡುಗಳೆಲ್ಲ ಒಂದೇ ಅಳತೆಯವಾಗಿ, ಸಾಲಾಗಿ ಕೂತರೆ ಬೆಳಕು ಒಡೆದು ಬಣ್ಣಗಳು ಕುಣಿಯುತ್ತವೆ. ದೊಡ್ಡದು ಚಿಕ್ಕದು ಕಲಸಿಕೊಂಡು ಕೂತರೆ ಬರೀ ಮಂಕು ಬಿಳುಪು, ಅದನ್ನು ಕೇಳುವವರಿಲ್ಲ. ಇದಕ್ಕೆಲ್ಲ ಎಷ್ಟು ವರ್ಷ ಬೇಕು? ನಮ್ಮ ಭೂವಿಜ್ಞಾನಿಗಳಲ್ಲೇ ಇನ್ನೂ ಜಗಳವಿದೆ. ಒಂದು ಭಾನುವಾರದಲ್ಲಿ ಆಗುತ್ತದೆ ಅಂತ ಮಾತ್ರ ಯಾರೂ ಹೇಳಿಲ್ಲ.

ಜಾತಿಗಳೂ ಬೇಕಾದಷ್ಟಿವೆ. ಆಸ್ಟ್ರೇಲಿಯಾದಲ್ಲಿ ಬಿಳಿ ಓಪಲ್ ಸಿಗುತ್ತದೆ, ಕಪ್ಪು ಓಪಲ್ ಸಿಗುತ್ತದೆ (ಎಲ್ಲಕ್ಕಿಂತ ದುಬಾರಿ ಆ ಕಪ್ಪೇ, ವಧು ಹುಡುಕುವವರು ಗಮನಿಸಬೇಕು). ಕಬ್ಬಿಣದ ಕಂದು ಕಲ್ಲಿಗೆ ಅಂಟಿಕೊಂಡೇ ಬರುವುದು ಒಂದಿದೆ. ಮೆಕ್ಸಿಕೋದ್ದು ಕೆಂಡದ ಬಣ್ಣ, ಎಷ್ಟೋ ಸಲ ಅದರಲ್ಲಿ ಕುಣಿತವೇ ಇರುವುದಿಲ್ಲ. ಮಣ್ಣಲ್ಲಿ ಹೂತುಹೋದ ಮರದ ತುಂಡು ಓಪಲ್ ಆಗಿರುವುದೂ ಉಂಟು. ನಮ್ಮ ಹುತ್ರಿದುರ್ಗದ ಬೆಟ್ಟದಲ್ಲಿ ಸಿಗಲ್ವಾ ಅಂತ ಶಿವಣ್ಣ ನಡುವೆ ಬಾಯಿ ಹಾಕಿದರು. ಇಲ್ಲ, ಅಲ್ಲಿರುವುದು ಗ್ರಾನೈಟು.

ಇಥಿಯೋಪಿಯಾದ್ದು ಜ್ವಾಲಾಮುಖಿಯ ಪದರಗಳಲ್ಲಿ ಹುಟ್ಟಿದ್ದು. ಅದರಲ್ಲಿ ಬಹಳಷ್ಟರ ಮೈತುಂಬ ಕಾಣದ ತೂತುಗಳು. ಆಸ್ಟ್ರೇಲಿಯಾದ ಕಲ್ಲು ಹಾಲಿಗೆ ಬಿದ್ದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಮಾತ್ರ ಸ್ಪಂಜಿನ ಹಾಗೆ ಹೀರಿಕೊಳ್ಳುತ್ತದೆ. ಹೀರಿಕೊಂಡ ಮೇಲೆ ಗಾಜಿನಂತಾಗಿ ಬಣ್ಣ ಅಡಗುತ್ತದೆ. ಒಣಗಿದರೆ ವಾಪಸ್ ಬರುತ್ತದೆ. ಶುಕ್ರ ಎಲ್ಲೂ ಹೋಗಿಲ್ಲ, ನೀವೇ ರಾತ್ರಿಯಿಡೀ ಹಾಲು ಕುಡಿಸಿದ್ದೀರಿ ಅಂದೆ.

ಶಿವಣ್ಣ ಆಗಲೇ ಸಿಂಧುವಿನ ಹೇರ್ ಡ್ರೈಯರ್ ಹಿಡಿದು ಬಂದರು. ಕೈ ಹಿಡಿದು ನಿಲ್ಲಿಸಿದೆ.

"ಬಿಸಿ ತೋರಿಸ್ಬೇಡಿ ಶಿವಣ್ಣ, ಬಿಸಿಲಿಗೂ ಇಡ್ಬೇಡಿ. ಅವಸರ ಮಾಡಿದ್ರೆ ಬಿರುಕು ಬಿಡುತ್ತೆ. ಅದರ ಪಾಡಿಗೆ ಅದು ಒಣಗ್ಲಿ."

ನನ್ನ ಮಾತನ್ನು ಆ ಮನೆಯಲ್ಲಿ ಅಷ್ಟು ಬೇಗ ಒಪ್ಪಿಕೊಂಡಿದ್ದು ಅದೇ ಮೊದಲು. ತಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ ಉಂಗುರ ಮಲಗಿಸಿದರು. ಫ್ಯಾನ್ ಆರಿಸಿದರು. ಕಲ್ಲಿನ ಬಣ್ಣ ಬರದೆ ಹುಡುಗನ ಕಡೆಯವರನ್ನು ಕರೆಯುವುದು ಹೇಗೆ ಅಂತ ಶಾರದ ಹುಲಿಯೂರುದುರ್ಗಕ್ಕೆ ಫೋನ್ ಮಾಡಿದಳು. ಕಲ್ಲು ಒಣಗಬೇಕು, ಅವಸರ ಮಾಡಬಾರದಂತೆ, ನಾವೇ ತಿಳಿಸುತ್ತೇವೆ ಅಂದಳು. ಅವರೂ ಎರಡನೇ ಮಾತಿಲ್ಲದೆ ಒಪ್ಪಿದರು. ಪಾಪ, ಕಲ್ಲಲ್ಲವಾ, ಟೈಮ್ ಬೇಕು.

ಸಿಂಧು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವಳು ಕೇಳಿ ಕೇಳಿ ಸಿಗದಿದ್ದ ಟೈಮ್ ಅದು. ನನಗೆ ಸಿಟ್ಟು ಬಂತು. ಆದರೆ ಸಿಟ್ಟು ತೋರಿಸಲೂ ತ್ರಾಣ ಬೇಕು. ಸುಮ್ಮನೆ ತುಮಕೂರಿನ ಬಸ್ ಹತ್ತಿದೆ.

ಕಲ್ಲು ಒಣಗುತ್ತಿದ್ದ ದಿನಗಳಲ್ಲಿ ಸಿಂಧು ಹುಡುಗನನ್ನು ಒಂದು ಸಲ ಭೇಟಿಯಾದಳು. ಸ್ಕೂಲ್ ಬಿಟ್ಟ ಮೇಲೆ, ಕುಣಿಗಲ್ ಬಸ್‌ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ. ಹೇಗೆ ಅಂತ ಕೇಳಿದೆ.

"ಒಳ್ಳೆಯವ್ರ ಥರ ಕಾಣ್ತಾರೆ ಅತ್ತೆ. ಮಾತು ಕಮ್ಮಿ. ಮದ್ವೆ ಆದ್ಮೇಲೆ ಕೆಲ್ಸಕ್ಕೆ ಹೋಗ್ಬೋದಾ ಅಂದೆ, ಅಮ್ಮನ್ನ ಕೇಳಿ ಹೇಳ್ತೀನಿ ಅಂದ್ರು. ಇನ್ನೊಂದೆರಡು ಸಲ ಸಿಕ್ರೆ ಗೊತ್ತಾಗುತ್ತೆ."

ಸಿಂಧು ಕೇಳಿದ್ದರಲ್ಲಿ ಏನು ತಪ್ಪಿದೆ ಹೇಳಿ? ಒಂದು ಸೀರೆ ತೆಗೆದುಕೊಳ್ಳಲು ಇದೇ ಶಾರದ ನಾಲ್ಕು ಅಂಗಡಿ ಹತ್ತಿ ಇಳಿಯುತ್ತಾಳೆ. (ಅವಳು ಈ ಅಂಕಣ ಓದುವುದಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.)

ಮೊನ್ನೆ ಸಂಜೆ ಮತ್ತೆ ಫೋನು. ಈ ಸಲ ಶಾರದನ ದನಿಯಲ್ಲಿ ಹಬ್ಬ. ಬಣ್ಣ ಎಲ್ಲ ಬಂದಿದೆಯಂತೆ. ಅರಿಶಿನದ ಹಳದಿ ಒಂಚೂರು ಉಳಿದಿದೆಯಂತೆ, ಅದು ಇನ್ನೂ ಶುಭವಂತೆ. ಮುಂದಿನ ಶುಕ್ರವಾರ ಉಂಗುರ ಹಾಕಿಸಿ ಭಾನುವಾರ ಅವರನ್ನು ಕರೆಸಿಬಿಡುತ್ತಾಳಂತೆ. ಸಿಂಧುವನ್ನು ಒಂದು ಮಾತು ಕೇಳು ಅಂದೆ.

"ಅವಳ್ನೇನ್ ಕೇಳೋದು ಅತ್ತಿಗೆ? ಕಲ್ಲೇ ಸರಿಹೋಯ್ತಲ್ಲ."

ಫೋನ್ ಸ್ಪೀಕರಿನಲ್ಲಿತ್ತು. ಸಿಂಧು ಪಕ್ಕದಲ್ಲೇ ಕೂತು ಮಕ್ಕಳ ಪೇಪರ್ ತಿದ್ದುತ್ತಿದ್ದಳು. ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಪೇಪರ್ ಮುಗಿಸಿ, ಕೆಂಪು ಪೆನ್ನಿನ ಕ್ಯಾಪ್ ಹಾಕಿ, ಆಮೇಲೆ ಕೇಳಿದಳು.

"ಅತ್ತೆ, ಆ ಕಲ್ಲನ್ನ ಇನ್ನೊಂದ್ಸಲ ಅದ್ದಿದ್ರೆ ಎಷ್ಟು ದಿನ ಸಿಗುತ್ತೆ?"

ಇಷ್ಟು ವರ್ಷಗಳಲ್ಲಿ ನೆಂಟರ ಪೈಕಿ ಒಬ್ಬರು ನನ್ನ ವಿಷಯದಲ್ಲಿ ಕೇಳಿದ ಸರಿಯಾದ ಪ್ರಶ್ನೆ ಇದೊಂದೇ. ನೀರಾದರೆ ಒಂದು ವಾರ, ಹಾಲಾದರೆ ಎರಡು ಅಂದೆ.

ಗುಬ್ಬಿ ಮನೆಯಲ್ಲಿ ಹಾಲಿಗೇನೂ ಕಡಿಮೆ ಇಲ್ಲ.