ಆನೆಗೆಂದು ಕಟ್ಟಿದ ಬಲ್ಬು

ಆನೆ ಇಳಿಯಬಹುದು, ಹಂದಿ ನುಗ್ಗಬಹುದು, ತೊರೆ ಉಕ್ಕಿ ಬದು ಒಡೆಯಬಹುದು, ತೆನೆ ಬರುವಾಗಲೇ ಜಡಿಮಳೆ ಹಿಡಿಯಬಹುದು. ಗೂಡಲೂರಿನ ನಮ್ಮ ಗದ್ದೆಗೆ ಬರಬಹುದಾದ ಕೇಡುಗಳನ್ನೆಲ್ಲ ನಾಟಿಯ ದಿನವೇ ಯೋಚಿಸಿ ಮುಗಿಸಿದ್ದೆ. ಚಿಂತೆ ಮಾಡುವುದರಲ್ಲಿ ನನಗೆ ಐವತ್ತು ವರ್ಷದ ಅನುಭವ. ಆನೆಗೆಂದು ಬದುವಿನ ಮೇಲೆ ಕಣ್ಣು ಕುಕ್ಕುವ ಬಲ್ಬನ್ನೂ ಕಟ್ಟಿದೆ.

ಆನೆ ಬರಲಿಲ್ಲ. ಆದರೆ ಬಲ್ಬಿನ ಸುತ್ತಲ ಪೈರು ಕಿತ್ತಳೆ ಬಣ್ಣಕ್ಕೆ ತಿರುಗಿ ಕುಳ್ಳಾಗಿ ನಿಂತಿತು. ರೋಗ ಪಕ್ಕದ ಮಾದಿ ಅಕ್ಕನ ಗದ್ದೆಗೂ ಹಬ್ಬಿತು. ಅವರದು ಘಮಘಮಿಸುವ ಗಂಧಸಾಲೆ ಭತ್ತ. ಅತ್ತೆ ಕೊಟ್ಟ ಬೀಜವನ್ನೇ ವರ್ಷವರ್ಷವೂ ಎತ್ತಿಟ್ಟು ಬಿತ್ತಿಕೊಂಡು ಬಂದವರು. ನೋಡಲು ಬಂದ ಕೃಷಿ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದರು. "ಹಸಿರು ಜಿಗಿಹುಳು ಸಾರ್. ರೋಗದ ಗಿಡದ ರಸ ಹೀರಿ ಒಳ್ಳೇ ಗಿಡಕ್ಕೆ ವೈರಸ್ ದಾಟಿಸುತ್ತೆ. ಬೆಳಕು ಕಂಡ್ರೆ ಮುತ್ತುತ್ತೆ. ಈ ಬಲ್ಬು ಯಾರದು?"

ಕೊಯ್ಲಿನ ದಿನ ಅಕ್ಕ ತೆನೆಯೊಂದನ್ನು ಅಂಗೈಯಲ್ಲಿ ಉಜ್ಜಿ ಊದಿದರು. ಎಲ್ಲ ಜೊಳ್ಳು, ಹಾರಿಹೋಯಿತು. "ಬಿತ್ತನೆಗೂ ಉಳೀಲಿಲ್ಲ ಕಣಪ್ಪಾ. ನಿನ್ನ ಲೈಟಿನ ಪುಣ್ಯ, ಆನೆಯಾದ್ರೂ ಬರಲಿಲ್ಲ," ಎಂದರು.

ಈ ಸಲ ಅವರು ಅಂಗಡಿಯ ಬೀಜ ಬಿತ್ತಿದ್ದಾರೆ. ಬಲ್ಬನ್ನು ಯಾಕೆ ಬಿಚ್ಚಿದೆ ಎಂದು ಎರಡು ಸಲ ಕೇಳಿದರು. ಕೆಟ್ಟುಹೋಗಿದೆ ಅಕ್ಕಾ, ಎಂದೆ.