ದೀಪದ ಹೊತ್ತಿನ ಆಟ

ನನ್ನ ಮಗಳು ಮೊಬೈಲಿನಲ್ಲಿ ಬಂದೂಕಿನ ಆಟ ಆಡುವಾಗ ಎರಡು ಮನೆ ಆಚೆಗೂ ಕೇಳುವಂತೆ ಒದರುತ್ತಿದ್ದಳು. "ಹೊಡಿ ಅವನ್ನ, ಬಿಡಬ್ಯಾಡ! ಹಿಂದಿಂದ ಬಾ, ಹಿಂದಿಂದ!" ಹದಿನೇಳು ವರ್ಷದ ಹುಡುಗಿ, ಹೊರಗೆ ಯಾರ ಹತ್ತಿರವೂ ನಾಲ್ಕು ಮಾತು ಆಡದವಳು.

ಪಕ್ಕದ ಮನೆಯ ಕಾಕು ಒಂದು ಸಂಜೆ ಗೋಡೆಯ ಮೇಲಿಂದ ಇಣುಕಿದರು. "ಏನ್ರೀ, ನಿಮ್ಮಾಕಿ ದಿನಾ ಎಷ್ಟ ಮಂದೀನ ಕೊಲ್ತಾಳ್ರೀ? ನಮ್ಮ ಮನಿಯವ್ರನ್ನೂ ಒಂದ ಸಲ ಲೆಕ್ಕಕ್ಕ ತಗೋಳಾಕ ಹೇಳ್ರಿ." ಅಂದವರೇ ನಾಲಿಗೆ ಕಚ್ಚಿಕೊಂಡರು. ನಮ್ಮ ಮನೆಯವರು ಲಿಂಗೈಕ್ಯರಾಗಿ ಆಗ ಆರು ತಿಂಗಳಾಗಿತ್ತು. ನಾನೇ ನಕ್ಕು ಅವರನ್ನು ಪಾರು ಮಾಡಿದೆ. ಹೋಗುವಾಗ ಅವರು ಹೇಳಿದ್ದು ಮಾತ್ರ ಮನಸ್ಸಿಗೆ ನಾಟಿತು: "ಇಂಥಾ ಆಟ ಆಡಿ ಆಡಿ ಹುಡುಗರ ಸ್ವಭಾವನ ಕೆಡತೈತ್ರಿ. ಸ್ವಲ್ಪ ನೋಡ್ಕೋರಿ."

ನೋಡುತ್ತಲೇ ಇದ್ದೆ. ಅವಳು ಬಾಗಿಲು ಬಡಿಯುತ್ತಿದ್ದಳು. ಕೊಡ ಎಡವಿದರೆ ಅದನ್ನು ಒದೆಯುತ್ತಿದ್ದಳು. ಕರೆದರೆ ಉತ್ತರ ಕೊಡುತ್ತಿರಲಿಲ್ಲ.

ನಮ್ಮ ಮನೆಯವರು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಅವರು ಹೋದ ಮೇಲೆ ನಾವಿಬ್ಬರೂ ಹಳಿಯಾಳಕ್ಕೆ ಬಂದೆವು. ತವರುಮನೆ ಸಾಂಬ್ರಾಣಿ ಊರಿನಲ್ಲಿ, ಕರೆದರೆ ಅಣ್ಣ ಬರುವಷ್ಟು ಹತ್ತಿರ. ನಲ್ಲಿ ಬಾಗಿಲ ಮುಂದೆಯೇ ಇತ್ತು. ಮಗಳ ಕಾಲೇಜಿಗೆ ನಡೆದು ಹೋಗಬಹುದಿತ್ತು. ಶಿವ ಅಷ್ಟು ಕೊಟ್ಟಿದ್ದ.

ನಮ್ಮ ಕಡೆ ದೀಪ ಹಚ್ಚುವ ಹೊತ್ತಿಗೆ ಕೆಟ್ಟ ಮಾತು ಆಡುವುದಿಲ್ಲ. ಆಗ ಮನೆಯೊಳಗೆ ಅಸ್ತು ದೇವತೆ ಓಡಾಡುತ್ತಿರುತ್ತದೆ, ಆಡಿದ ಮಾತಿಗೆ "ಅಸ್ತು" ಅಂದರೆ ಅದು ಆಗಿಯೇ ತೀರುತ್ತದೆ ಎಂದು ನನ್ನ ಅವ್ವ ಹೇಳಿಕೊಟ್ಟಿದ್ದಳು. ದಾಂಡೇಲಿಯಲ್ಲಿದ್ದಾಗ ಒಂದು ಸಂಜೆ ಅವರು ಶಿಫ್ಟ್ ಮುಗಿಸಿ ಬಂದು, ಹೊಸ್ತಿಲ ಮೇಲೆ ಕೂತು ಬೂಟು ಬಿಚ್ಚುತ್ತಾ, "ಇವತ್ತ ಸತ್ತ ಬಂದೇನಿ ನೋಡ, ಒಂದು ಕಪ್ ಚಹಾ ಕೊಟ್ಟ ಬದುಕಸು" ಅಂದಿದ್ದರು. ನನ್ನ ಕೈಯಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಎರಡು ತಿಂಗಳಿಗೆ ಕಾಮಾಲೆ, ಹುಬ್ಬಳ್ಳಿಯ ಆಸ್ಪತ್ರೆ, ಹತ್ತೇ ದಿನ. ಡಾಕ್ಟರು ಕಾರಣ ಬಿಡಿಸಿ ಹೇಳಿದ್ದರು. ನನ್ನ ಕಿವಿಯಲ್ಲಿ ಉಳಿದದ್ದು ಹೊಸ್ತಿಲ ಮೇಲಿನ ಆ ಮಾತು.

ಮಗಳು ಕಾಲೇಜಿನಿಂದ ಬಂದು ಆಟಕ್ಕೆ ಕೂರುತ್ತಿದ್ದದ್ದು ಸರಿಯಾಗಿ ಆ ಹೊತ್ತಿಗೇ. ಸೋತಾಗಲೆಲ್ಲ ಒದರುತ್ತಿದ್ದಳು: "ಸತ್ತೆ! ನಾ ಸತ್ತೆ!"

"ಹಂಗ ಅನಬ್ಯಾಡ ನನ್ನವ್ವಾ, ದೀಪದ ಹೊತ್ತೈತಿ."

"ಆಟದಾಗ ಸತ್ತೆ ಅವ್ವಾ. ಮತ್ತೊಂದು ಆಟ ಹಚ್ಚಿದ್ರ ಮತ್ತ ಜೀವ ಬರ್ತೈತಿ."

"ಆಟದ್ದ ಯಾವುದು, ಖರೇದ್ದ ಯಾವುದು ಅಂತ ದೇವರಿಗೆ ಹೆಂಗ ಗೊತ್ತಾಗಬೇಕು?"

"ಅಷ್ಟೂ ಗೊತ್ತಾಗದ ದೇವರಿಗೆ ಯಾಕ ಕೈ ಮುಗೀತಿ?"

ನನಗಿದ್ದದ್ದು ಇವಳೊಬ್ಬಳೇ. ಒಂದು ಮಾತಿಗೆ ಗಂಡನನ್ನು ಕೊಟ್ಟವಳು ದಿನಕ್ಕೆ ಹತ್ತು ಸಲ ಅದೇ ಮಾತು ಕೇಳಿ ಹೇಗೆ ಇರಲಿ?

ಒಂದು ಸೋಮವಾರ ಅವಳು ಕಾಲೇಜಿಗೆ ಹೋದ ಮೇಲೆ ಲಿಂಗಪೂಜೆ ಮುಗಿಸಿ ಎದ್ದೆ. ಅವಳು ಆಡುತ್ತಿದ್ದದ್ದು ಅವಳ ಅಪ್ಪನ ಮೊಬೈಲಿನಲ್ಲಿ. ಅದು ಚಾರ್ಜಿಗೆ ಇತ್ತು. ಆಟದ ಚಿತ್ರವನ್ನು ಬೆರಳಿನಿಂದ ಒತ್ತಿ ಹಿಡಿದೆ. ಬೇಡದ್ದನ್ನು ತೆಗೆಯುವುದನ್ನು ಅವರೇ ನನಗೆ ಕಲಿಸಿದ್ದರು. ತೆಗೆದೆ. ಆ ದಿನ ಹೊಟ್ಟೆ ತುಂಬ ಉಂಡೆ.

ಸಂಜೆ ಅವಳು ಮೊಬೈಲು ತಿರುಗಿಸಿ ಮುರುಗಿಸಿ ನೋಡಿದಳು. "ನೀ ತೆಗದೀ?"

"ಹೌದು. ನಿನ್ನ ಸಲುವಾಗಿನ ತೆಗದೆ."

ಅವಳು ಬೈಯಲಿಲ್ಲ. ಆಟವನ್ನು ಮತ್ತೆ ಹಾಕಿಕೊಂಡಳು. ಅದು ಹೊಸಬರಿಗೆ ಕೇಳುವಂತೆ ಹೆಸರು ಕೇಳಿತು. ಅವಳು ಅದನ್ನೇ ನೋಡುತ್ತಾ ಕೂತಳು. ಆಮೇಲೆ ಹೇಳಿದಳು. ಅದು ಅಪ್ಪನ ಆಟ. ಆಟದೊಳಗಿನ ಕೆಂಪು ಜಾಕೀಟಿನ ಆಳನ್ನು ಅವರೇ ಆರಿಸಿ, ಮೂರು ವರ್ಷ ಅವಳ ಜೊತೆ ಆಡಿದ್ದರು. ನಂಬರು, ಇಮೇಲು ಏನೂ ಕೊಡದೆ ಗೆಸ್ಟ್ ಎಂದು ಆಡಿದ್ದರಿಂದ, ಆಟ ತೆಗೆದರೆ ಆ ಆಳು ತಿರುಗಿ ಬರುವುದಿಲ್ಲವಂತೆ. ಅವರು ಹೋದ ಮೇಲೆ ಇವಳು ಅವರಾಗಿ ಆಡುತ್ತಿದ್ದಳು.

"ನೀನ ಕೊಂದಿ ಅವನ್ನ," ಅಂದಳು.

ನಾನು ಅವಳ ಕೆನ್ನೆಗೆ ಹೊಡೆದೆ. ಹದಿನೇಳು ವರ್ಷದಲ್ಲಿ ನಾನಾಗಲಿ ಅವರಾಗಲಿ ಅವಳ ಮೇಲೆ ಕೈ ಮಾಡಿರಲಿಲ್ಲ. ಆಟ ಆಡಿ ಕೈ ಎತ್ತಬೇಕಾದವಳು ಅವಳು, ಎತ್ತಿದವಳು ನಾನು.

ಎಂಟು ದಿನ ಅವಳು ಮಾತಾಡಲಿಲ್ಲ. ಹಾಕಿದ್ದು ಉಣ್ಣುತ್ತಿದ್ದಳು. ಅಷ್ಟಾದರೂ ಇದೆಯಲ್ಲ ಅಂದುಕೊಂಡೆ. ಒಂಬತ್ತನೆಯ ದಿನ ಬೆಳಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ, ಅವಳು ಎದುರಿಗೆ ಕೂತು ಜಡೆ ಹಾಕಿಕೊಳ್ಳುತ್ತಿದ್ದಳು. ಅವಳ ಮುಖ ನೋಡದೆ ಕೇಳಿದೆ: "ಅಪ್ಪ ಆಟ ಹೆಂಗ ಆಡ್ತಿದ್ರು?"

ಎರಡು ರೊಟ್ಟಿ ಬೆಂದವು. "ಭಾಳ ಹೆಡ್ಡ," ಅಂದಳು. "ಗುಂಡ ಹಾರ್ಸಾಕನ ಬರ್ತಿದ್ದಿಲ್ಲ ಅವಗ. ಹುಲ್ಲಾಗ ಅಡಗಿ ಮಲ್ಕೊಂಡ ಬಿಡ್ತಿದ್ದ. ನಾ ಬಿದ್ನಿ ಅಂದ್ರ ಮಾತ್ರ ಓಡಿ ಬಂದು ಎಬ್ಬಸ್ತಿದ್ದ. ಎಬ್ಬಸೂದರಾಗ ತಾನ ಸಾಯ್ತಿದ್ದ."

ಇಬ್ಬರಿಗೂ ನಗು ಬಂತು.

"ಈಗೀಗ ನಾ ಅವನ ಕೈಲೆ ಎಲ್ಲಾರ್ನೂ ಹೊಡಸ್ತಿದ್ದೆ."

"ಯಾಕ?"

"ಸಿಟ್ಟ ಬರ್ತಿತ್ತು."

"ಯಾರ ಮ್ಯಾಲ?"

"ಎಲ್ಲಾರ ಮ್ಯಾಲ. ಅವನ ಮ್ಯಾಲೂ."

ಆ ಸಿಟ್ಟು ನನಗೂ ಇದೆ ಎಂದು ಹೇಳಬೇಕಿತ್ತು. ಬೆಳಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂತಾಗ ಅವರನ್ನು ಯಾಕೆ ಕರೆದುಕೊಂಡೆ ಎಂದು ನಾನೂ ಶಿವನನ್ನು ಸಿಟ್ಟಿನಿಂದಲೇ ಕೇಳುತ್ತೇನೆ, ಒಳಗೊಳಗೇ. ಬಾಯಿ ಬಿಟ್ಟು ಹೇಳಲಾಗಲಿಲ್ಲ. ತವೆಯ ಮೇಲಿನ ರೊಟ್ಟಿ ಅವಳ ತಾಟಿಗೆ ಹಾಕಿದೆ, ತಿಂದಳು.

ಈಗ ಬೇಕಾದಷ್ಟು ಮಾತಾಡುತ್ತಾಳೆ. ಆ ಆಟವನ್ನು ಅವಳು ಮತ್ತೆ ಆಡಿಲ್ಲ. ನನ್ನನ್ನು ಕ್ಷಮಿಸಿದ್ದಾಳೆಯೇ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.